ಖಾಸಗಿ ಕಾಲೇಜಿನ ಪದವಿ, ಪ್ಲೇಸ್‌ಮೆಂಟ್ ಮತ್ತು ನಮ್ಮ ಜಿಲ್ಲೆಯ ಮಕ್ಕಳು

ಅಂಕೋಲಾ ಪಾಲಕ:

ಮಗಳು ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಅಂಕಗಳು ಚೆನ್ನಾಗಿವೆ, ಸಿಇಟಿ ರ‍್ಯಾಂಕ್ ಮಾತ್ರ ಎಣಿಸಿದಷ್ಟು ಬರಲಿಲ್ಲ. ಬೆಂಗಳೂರಿನ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಕೊಡುವುದಾಗಿ ಹೇಳುತ್ತಿದೆ. ಶುಲ್ಕ, ಹಾಸ್ಟೆಲ್ ಎಲ್ಲ ಸೇರಿಸಿದರೆ ನಾಲ್ಕು ವರ್ಷಕ್ಕೆ 12 ಲಕ್ಷ ರೂಪಾಯಿ ಬೇಕು, ಅದು ಸಾಲ ಮಾಡದೆ ಆಗುವ ಮಾತಲ್ಲ. ಹುಬ್ಬಳ್ಳಿಯ ಖಾಸಗಿ ಕಾಲೇಜಿನಲ್ಲಿ ಬಿಸಿಎ ಓದಿಸುವುದು ಇನ್ನೊಂದು ದಾರಿ. ಮನೆಯಿಂದಲೇ ಹೋಗಿಬರಬಹುದಾದ ಅನುದಾನಿತ ಕಾಲೇಜಿನಲ್ಲಿ ಬಿಎಸ್ಸಿ ಮಾಡಿಸುವುದು ಮೂರನೆಯದು. ಈ ಮೂರನೆಯದನ್ನು ಬಾಯಿಬಿಟ್ಟು ಹೇಳಿದರೆ ನೆಂಟರಿಷ್ಟರು ನನ್ನನ್ನು ಕರುಣೆಯಿಂದ ನೋಡುತ್ತಾರೆ.

ಕೈಗೆ ಬಂದ ಕರಪತ್ರಗಳಲ್ಲೆಲ್ಲ ಪ್ಲೇಸ್‌ಮೆಂಟ್ ಪ್ರಮಾಣ ಶೇಕಡಾ 90ಕ್ಕಿಂತ ಕೆಳಗೆ ಇಳಿದದ್ದನ್ನು ನಾನು ಕಂಡಿಲ್ಲ. ಎಲ್ಲ ಕಾಲೇಜುಗಳಲ್ಲೂ ಎಲ್ಲರಿಗೂ ಕೆಲಸ ಸಿಗುತ್ತಿದ್ದರೆ, ನಮ್ಮೂರಿನಲ್ಲಿ ಪದವಿ ಮುಗಿಸಿ ಸುಮ್ಮನೆ ಕುಳಿತ ಹುಡುಗರು ಯಾವ ಕಾಲೇಜಿನಿಂದ ಬಂದವರು? ಈ ಅಂಕಿಗಳನ್ನು ಹೇಗೆ ಓದಬೇಕು, ಒಂದು ಕೋರ್ಸಿನ ಗುಣಮಟ್ಟವನ್ನು ಸೇರುವ ಮೊದಲೇ ತಿಳಿಯುವ ಬಗೆ ಏನಾದರೂ ಇದೆಯೇ, ಬಲ್ಲವರು ದಯವಿಟ್ಟು ಹೇಳಬೇಕು.

ಶಿರಸಿ ಮಾಸ್ತರ:

ಅನುದಾನಿತ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು, ಆದ್ದರಿಂದ ಒಂದು ಪಕ್ಷದ ಮನುಷ್ಯ ಎಂದು ತಿಳಿದುಕೊಂಡೇ ಓದಿ.

ಕಾಲೇಜು ಖಾಸಗಿಯೋ ಸರ್ಕಾರಿಯೋ ಎಂಬುದರಿಂದ ಪಠ್ಯಕ್ರಮ ಬದಲಾಗುತ್ತದೆ ಎಂದು ಬಹಳ ಜನ ಎಣಿಸಿದ್ದಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಲಾ, ವಿಜ್ಞಾನ, ವಾಣಿಜ್ಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿ ಬೆಳೆದವು. ಸಂಯೋಜಿತ ಕಾಲೇಜೆಂದ ಮೇಲೆ ಪಠ್ಯಕ್ರಮವನ್ನೂ ಪ್ರಶ್ನೆಪತ್ರಿಕೆಯನ್ನೂ ವಿಶ್ವವಿದ್ಯಾಲಯವೇ ಕೊಡುತ್ತದೆ. ಇಂಜಿನಿಯರಿಂಗ್‌ನಲ್ಲೂ ಅಷ್ಟೆ. ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೂ ಬೆಂಗಳೂರಿನಲ್ಲಿ ಸ್ವಾಯತ್ತತೆ (ತಾನೇ ಪಠ್ಯಕ್ರಮ ರೂಪಿಸಿ ಪರೀಕ್ಷೆ ನಡೆಸುವ ಅಧಿಕಾರ) ಪಡೆಯದ ಖಾಸಗಿ ಕಾಲೇಜಿನ ವಿದ್ಯಾರ್ಥಿಯೂ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕಳಿಸುವ ಅದೇ ಪತ್ರಿಕೆಗೆ ಉತ್ತರ ಬರೆಯುತ್ತಾರೆ. ಹಾಗಾಗಿ ಹೆಚ್ಚು ಶುಲ್ಕ ತೆತ್ತು ಹೆಚ್ಚಿನ ಪಾಠವನ್ನೇನೂ ಕೊಂಡಂತಾಗುವುದಿಲ್ಲ. ಆ ಪಾಠವನ್ನು ಯಾರು ಮಾಡುತ್ತಾರೆ, ಪ್ರಯೋಗಾಲಯದ ಬಾಗಿಲು ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಎಂಬಲ್ಲಿ ಕಾಲೇಜಿಗೂ ಕಾಲೇಜಿಗೂ ಅಂತರ ಬೀಳುತ್ತದೆ.

ಖಾಸಗಿ ಎಂದೊಡನೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವುದೂ ತಪ್ಪು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು, ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಮಾನದ ವರ್ಷವಾದ 1966ರಲ್ಲಿ ನಿಮ್ಮ ಅಂಕೋಲೆಯಲ್ಲೇ ಗೋಖಲೆಯವರ ಹೆಸರಿನ ಕಾಲೇಜು ಆರಂಭವಾಯಿತು. ಕುಮಟಾ, ಹೊನ್ನಾವರ, ಶಿರಸಿಯ ಹಳೆಯ ಕಾಲೇಜುಗಳನ್ನೂ ಇಂಥ ಶಿಕ್ಷಣ ಸಂಸ್ಥೆಗಳೇ ಕಟ್ಟಿದವು. ಆಡಳಿತ ಖಾಸಗಿಯದು, ಅನುದಾನಕ್ಕೆ ಒಳಪಟ್ಟ ಹುದ್ದೆಗಳ ಸಂಬಳ ಸರ್ಕಾರದ್ದು. ಲಾಭದ ಲೆಕ್ಕಾಚಾರದಿಂದ ಹುಟ್ಟಿದ ಸಂಸ್ಥೆಯೂ ಇವುಗಳೂ ಕಾನೂನಿನ ಕಣ್ಣಿಗೆ ಖಾಸಗಿಯೇ ಇರಬಹುದು, ತರಗತಿಯೊಳಗೆ ಒಂದೇ ಅಲ್ಲ.

ಇನ್ನೂ ಒಂದು ಒಳಗುಟ್ಟಿದೆ. ಒಂದೇ ಕಂಪೌಂಡಿನೊಳಗೆ ಬಿಎ, ಬಿಎಸ್ಸಿ, ಬಿಕಾಂ ಅನುದಾನಿತ ವಿಭಾಗಗಳಾಗಿದ್ದು, ಬಿಸಿಎ ಮತ್ತು ಬಿಬಿಎ ಅನುದಾನರಹಿತವಾಗಿರಬಹುದು. ಆ ಎರಡು ಕೋರ್ಸುಗಳ ಖರ್ಚೆಲ್ಲ ಮಕ್ಕಳ ಶುಲ್ಕದಿಂದಲೇ ನಡೆಯಬೇಕು, ಉಪನ್ಯಾಸಕರ ಸಂಬಳವೂ ಅದರಲ್ಲೇ ಸೇರಿತು. ಕಾಲೇಜುಗಳನ್ನು ಮೌಲ್ಯಮಾಪನ ಮಾಡುವ ರಾಷ್ಟ್ರೀಯ ಮಂಡಳಿಯಾದ ನ್ಯಾಕ್‌ನಿಂದ ಕಾಲೇಜಿಗೆ ಒಳ್ಳೆಯ ಶ್ರೇಣಿ ಇದೆ ಎಂದರೆ ಅದು ಇಡೀ ಸಂಸ್ಥೆಗೆ ಸಿಕ್ಕಿದ್ದು, ನಿಮ್ಮ ಮಗಳು ಸೇರುವ ಕೋರ್ಸಿಗೆ ಸಿಕ್ಕಿದ್ದಲ್ಲ. ಕೋರ್ಸನ್ನೇ ಅಳೆಯುವ ಎನ್‌ಬಿಎ ಮಾನ್ಯತೆ ಇಂಜಿನಿಯರಿಂಗ್‌ನಂಥ ತಾಂತ್ರಿಕ ಕೋರ್ಸುಗಳಿಗೆ ಇದೆ, ಅದನ್ನೂ ಶಾಖೆವಾರು ಕೇಳಿ ತಿಳಿಯಬೇಕು. ಮೆಕ್ಯಾನಿಕಲ್‌ಗೆ ಸಿಕ್ಕ ಮಾನ್ಯತೆಯನ್ನು ಹೆಬ್ಬಾಗಿಲಿಗೆ ತೂಗುಹಾಕಿ ಹೊಸದಾಗಿ ತೆರೆದ ಕೃತಕ ಬುದ್ಧಿಮತ್ತೆ ಶಾಖೆಗೆ ಸೀಟು ತುಂಬಿಸುವವರಿದ್ದಾರೆ.

ಕುಮಟಾದವ, ಈಗ ಬೆಂಗಳೂರು:

ಪ್ಲೇಸ್‌ಮೆಂಟ್ ಅಂಕಿಯ ವಿಷಯಕ್ಕೆ ನಾನು ಬರುತ್ತೇನೆ. ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಈಗ ಸಾಫ್ಟ್‌ವೇರ್ ಕಂಪನಿಯ ಪರವಾಗಿ ಹೊಸಬರ ಸಂದರ್ಶನಕ್ಕೆ ಕೂರುವವನಾದ್ದರಿಂದ ಎರಡೂ ಬದಿಯನ್ನು ಬಲ್ಲೆ.

ಶೇಕಡಾ 95 ಎಂದು ಬರೆದಿದ್ದರೆ, ಯಾವುದರಲ್ಲಿ 95 ಎಂದು ಕೇಳಬೇಕು. ಸೇರಿದ ಎಲ್ಲ ವಿದ್ಯಾರ್ಥಿಗಳಲ್ಲೇ, ಉತ್ತೀರ್ಣರಾದವರಲ್ಲೇ, ಅಥವಾ ‘ಅರ್ಹ’ರಲ್ಲೇ? ಹತ್ತನೆಯ ತರಗತಿಯಿಂದ ಇಲ್ಲಿಯವರೆಗೆ ಎಲ್ಲ ಕಡೆಯೂ ಶೇಕಡಾ 60 ಇರಬೇಕು, ಯಾವ ವಿಷಯವೂ ಬಾಕಿ ಇರಬಾರದು, ಪ್ಲೇಸ್‌ಮೆಂಟ್ ವಿಭಾಗದಲ್ಲಿ ಹೆಸರು ನೋಂದಾಯಿಸಿರಬೇಕು ಎಂದು ಜರಡಿ ಹಿಡಿದಾಗ ಅರ್ಧಕ್ಕರ್ಧ ಮಕ್ಕಳು ಆಚೆ ಉಳಿದಿರುತ್ತಾರೆ. ಉಳಿದವರಲ್ಲಿ ಒಬ್ಬನಿಗೇ ಎರಡು ಆಫರ್ ಬಂದರೆ ಎರಡು ಎಂದು ಎಣಿಸುವ ಪದ್ಧತಿಯೂ ಇದೆ. ಹಲವು ಕಾಲೇಜುಗಳನ್ನು ಒಂದೆಡೆ ಸೇರಿಸಿ ನಡೆಸುವ ಪೂಲ್ ಕ್ಯಾಂಪಸ್‌ನಲ್ಲಿ ಸಿಕ್ಕ ಕೆಲಸವನ್ನು ‘ನಮ್ಮ ಕ್ಯಾಂಪಸ್‌ಗೆ ಇಂಥ ಕಂಪನಿ ಬಂದಿತ್ತು’ ಎಂದು ಕರಪತ್ರದಲ್ಲಿ ಹಾಕುತ್ತಾರೆ. ಅತಿ ಹೆಚ್ಚಿನ ಪ್ಯಾಕೇಜು ಎಂಬುದಂತೂ ಒಬ್ಬ ಹುಡುಗನ ಅದೃಷ್ಟವೋ ಪರಿಶ್ರಮವೋ ಹೊರತು ಕಾಲೇಜಿನ ಅಳತೆಗೋಲಲ್ಲ.

ಕಂಪನಿ ಕೊಟ್ಟ ಪತ್ರವನ್ನೂ ಬಿಡಿಸಿ ನೋಡಬೇಕು. ನಮ್ಮೂರಿನ ಹುಡುಗನೊಬ್ಬ ತನಗೆ ಬಂದ ಆಫರ್ ಲೆಟರ್ ನನಗೆ ತೋರಿಸಿದ್ದ. ಮೊದಲ ಪುಟದಲ್ಲಿ ವರ್ಷಕ್ಕೆ 3,60,000 ರೂಪಾಯಿ ಸಿಟಿಸಿ, ಅಂದರೆ ಅವನಿಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ, ಎಂದು ದಪ್ಪಕ್ಷರದಲ್ಲಿತ್ತು. ಹಿಂದಿನ ಪುಟದ ಕೋಷ್ಟಕದಲ್ಲಿ 36,000 ರೂಪಾಯಿ ಕೆಲಸದ ಮೌಲ್ಯಮಾಪನ ನೋಡಿ ವರ್ಷದ ಕೊನೆಗೆ ಕೊಡುವಂಥದ್ದು, 21,600 ಕಂಪನಿ ಕಟ್ಟುವ ಭವಿಷ್ಯನಿಧಿ, ಎಂಟು ಸಾವಿರ ಚಿಲ್ಲರೆ ಗ್ರಾಚ್ಯುಟಿ, ಆರು ಸಾವಿರ ವಿಮೆ. ಇವೆಲ್ಲ ಕಳೆದು, ಅವನ ಪಾಲಿನ ಭವಿಷ್ಯನಿಧಿ 21,600 ಕೂಡ ಹೋದ ಮೇಲೆ ತಿಂಗಳಿಗೆ ಕೈಗೆ ಬರುವುದು 22 ಸಾವಿರ ಚಿಲ್ಲರೆ. ಜೊತೆಗೆ ಎರಡು ವರ್ಷ ಬಿಟ್ಟುಹೋಗುವಂತಿಲ್ಲ ಎಂಬ ಬಾಂಡ್. ತಿಂಗಳಿಗೆ 30 ಸಾವಿರ ಎಂದು ಮನೆಯಲ್ಲಿ ಲೆಕ್ಕ ಹಾಕಿ ಕುಳಿತಿದ್ದರು.

ಪಾಲಕರೆ, 12 ಲಕ್ಷವನ್ನು ಹತ್ತೂವರೆ ಶೇಕಡಾ ಬಡ್ಡಿಗೆ ಹತ್ತು ವರ್ಷಕ್ಕೆ ತೆಗೆದರೆ ಮಾಸಿಕ ಕಂತು 16 ಸಾವಿರ ದಾಟುತ್ತದೆ. ಓದುವ ಅವಧಿಯಲ್ಲಿ ಕಂತು ಕಟ್ಟಬೇಕಿಲ್ಲ ನಿಜ, ಆದರೆ ಬಡ್ಡಿ ಆಗಲೂ ಓಡುತ್ತಿರುತ್ತದೆ. 22ರಲ್ಲಿ 16 ಕಳೆದು ಉಳಿದದ್ದರಲ್ಲಿ ಬೆಂಗಳೂರಿನ ಪೇಯಿಂಗ್ ಗೆಸ್ಟ್ ಬಾಡಿಗೆಯೂ ಹುಟ್ಟುವುದಿಲ್ಲ. ನಿಮ್ಮ ಮಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು ಎಂದು ನಾನು ಹೇಳುತ್ತಿಲ್ಲ. ಸಾಧಾರಣ ಕೆಲಸವೇ ಸಿಕ್ಕರೂ ತೀರಿಸಬಲ್ಲೆನೇ ಎಂದು ಯೋಚಿಸಿಯೇ ಸಾಲಕ್ಕೆ ಕೈ ಹಾಕಬೇಕು.

ಕಾಲೇಜಿನ ಕಡೆಯವ:

ಖಾಸಗಿ ಕಾಲೇಜೊಂದರ ಪ್ಲೇಸ್‌ಮೆಂಟ್ ವಿಭಾಗದಲ್ಲಿ ಇರುವವನು ನಾನು. ಮೇಲಿನವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಶೇಕಡಾ 60ರ ಗೆರೆ ಎಳೆಯುವುದು ಕಂಪನಿಯೇ ಹೊರತು ಕಾಲೇಜಲ್ಲ. ನಾವು ಹತ್ತು ಕಂಪನಿಗಳಿಗೆ ಪತ್ರ ಬರೆದರೆ ಎರಡು ಬರುತ್ತವೆ, ಕರಾವಳಿಯ ಕಾಲೇಜಾದರೆ ಅದೂ ಕಷ್ಟ, ಏಕೆಂದರೆ ಆಯ್ಕೆ ಮಾಡುವವರಿಗೆ ಘಟ್ಟ ಇಳಿದು ಬಂದು ಹೋಗಲು ಎರಡು ದಿನ ಬೇಕು. ಬಂದ ಕಂಪನಿಗೆ ಆಯ್ಕೆಯಾದ ಮಕ್ಕಳಲ್ಲಿ ಕೆಲವರು ಸೇರುವ ದಿನ ಹತ್ತಿರ ಬಂದಾಗ, ಮನೆಯಲ್ಲಿ ಬೇಡವೆಂದರು ಎಂದು ಹಿಂದೆ ಸರಿಯುತ್ತಾರೆ. ಮುಂದಿನ ವರ್ಷ ಆ ಕಂಪನಿ ನಮ್ಮ ದೂರವಾಣಿಯನ್ನೂ ಎತ್ತುವುದಿಲ್ಲ.

ಲೆಕ್ಕ ಬೇಕಾದವರು ಕರಪತ್ರ ಬಿಟ್ಟು ಎನ್‌ಐಆರ್‌ಎಫ್ ಮಾಹಿತಿ ನೋಡಲಿ. 2016ರಿಂದ ಕೇಂದ್ರ ಸರ್ಕಾರ ಪ್ರಕಟಿಸುತ್ತಿರುವ ಈ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಸಂಸ್ಥೆಗಳು ಎಷ್ಟು ಮಕ್ಕಳು ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಕ್ಕಳು ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮಧ್ಯಕ ವೇತನ (ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಸಂಬಳ) ಎಷ್ಟು, ಎಷ್ಟು ಜನ ಮೇಲಿನ ಓದಿಗೆ ಹೋದರು ಎಂಬುದನ್ನೆಲ್ಲ ಸಲ್ಲಿಸಬೇಕು. ಸಲ್ಲಿಸಿದ್ದನ್ನು ತಮ್ಮ ಜಾಲತಾಣದಲ್ಲೂ ಹಾಕಿರುತ್ತಾರೆ. ಸರಾಸರಿ ವೇತನವನ್ನು ಒಬ್ಬಿಬ್ಬರ ದೊಡ್ಡ ಸಂಬಳ ಮೇಲೆತ್ತಿಬಿಡುತ್ತದೆ, ಮಧ್ಯಕ ವೇತನವನ್ನು ಹಾಗೆ ಎತ್ತಲು ಬರುವುದಿಲ್ಲ. ನಮ್ಮ ಕಾಲೇಜಿನದನ್ನೂ ನೋಡಿ ಎಂದು ಧೈರ್ಯವಾಗಿಯೇ ಹೇಳುತ್ತೇನೆ, ಅದು ಕರಪತ್ರದಷ್ಟು ಚಂದ ಇಲ್ಲ.

ಕಾಳಿ ದಡದವ, ಕಾರವಾರ:

ಎಲ್ಲರೂ ಬೆಂಗಳೂರಿನ ಮಾತನ್ನೇ ಆಡುತ್ತಿದ್ದೀರಿ. ಕಾರವಾರ ಕಡೆಯ ವಿಜ್ಞಾನ ಪದವೀಧರರಿಗೆ ಹತ್ತಿರದ ಪೇಟೆ ಬೆಂಗಳೂರಲ್ಲ, ಗೋವಾ. ನಾನು ವೆರ್ಣಾ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿದ್ದೇನೆ. ಅಲ್ಲಿ ರಸಾಯನಶಾಸ್ತ್ರ ಓದಿದ ಬಿಎಸ್ಸಿ, ಎಂಎಸ್ಸಿ ಮಕ್ಕಳಿಗೆ ಕೆಲಸವಿದೆ, ನಮ್ಮ ಜಿಲ್ಲೆಯವರೂ ಸಾಕಷ್ಟು ಮಂದಿ ಇದ್ದಾರೆ.

ಕೋರ್ಸಿನ ಗುಣಮಟ್ಟ ಎಂದರೇನು ಎಂಬುದು ಅಲ್ಲಿನ ಸಂದರ್ಶನದಲ್ಲಿ ಐದೇ ನಿಮಿಷಕ್ಕೆ ಬಯಲಾಗುತ್ತದೆ. ಅಲ್ಲಿ ದಿನವಿಡೀ ಬಳಸುವ ಯಂತ್ರ ಎಚ್‌ಪಿಎಲ್‌ಸಿ, ಕಾಲಮ್ ಎಂಬ ಕೊಳವೆಯ ಮೂಲಕ ದ್ರಾವಣ ಓಡಿಸಿ ಮಾದರಿಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಬೇರ್ಪಡಿಸಿ ಅಳೆಯುವಂಥದ್ದು. ಅದರ ತತ್ವ ಹೇಳು ಎಂದರೆ ಎಲ್ಲರೂ ಗಿಣಿಪಾಠ ಒಪ್ಪಿಸುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ‘ಬಫರ್ ಇರುವ ದ್ರಾವಣ ಓಡಿಸಿದ ಮೇಲೆ ಕಾಲಮ್ಮನ್ನು ಯಾವುದರಿಂದ ತೊಳೆಯುತ್ತೀಯಾ?’ ಎಂದು ಕೇಳಿದರೆ ಮೆಥನಾಲ್ ಎಂದು ಥಟ್ಟನೆ ಹೇಳುವವರೇ ಹೆಚ್ಚು. ನೇರವಾಗಿ ಶುದ್ಧ ಮೆಥನಾಲ್ ಬಿಟ್ಟರೆ ಬಫರಿನ ಉಪ್ಪು ಒಳಗೇ ಹರಳುಗಟ್ಟಿ ಕಾಲಮ್ಮು ಕಟ್ಟಿಕೊಳ್ಳುತ್ತದೆ, ಒತ್ತಡ ಏರಿ ಯಂತ್ರ ನಿಲ್ಲುತ್ತದೆ. ಮೊದಲು ನೀರಿನ ಪ್ರಮಾಣ ಹೆಚ್ಚಿರುವ ಮಿಶ್ರಣ ಓಡಿಸಿ ಉಪ್ಪು ತೆಗೆದು, ಆಮೇಲೆ ಮೆಥನಾಲ್ ಏರಿಸಬೇಕು. ಯಂತ್ರದ ಮುಂದೆ ಒಮ್ಮೆ ನಿಂತು ದ್ರಾವಣವನ್ನು ಸೋಸಿ, ಗಾಳಿಗುಳ್ಳೆ ತೆಗೆದು, ಓಡಿಸಿ, ತೊಳೆದವನು ಇದನ್ನು ಮರೆಯುವುದಿಲ್ಲ. ಚಿತ್ರದಲ್ಲಿ ಮಾತ್ರ ನೋಡಿದವನಿಗೆ ಇಂಥ ಪ್ರಶ್ನೆ ಇದೆ ಎಂಬುದೇ ಗೊತ್ತಿರುವುದಿಲ್ಲ. ಅಂಕಪಟ್ಟಿಯಲ್ಲಿ ಇಬ್ಬರಿಗೂ ಪ್ರಯೋಗ ಪರೀಕ್ಷೆಯ ಅಂಕ ಹೆಚ್ಚುಕಡಿಮೆ ಒಂದೇ.

ಕಾಲೇಜಿಗೆ ಆ ಯಂತ್ರ ಕೊಳ್ಳುವ ಶಕ್ತಿ ಇರಬೇಕೆಂದು ನಾನು ಹೇಳುವುದಿಲ್ಲ, ಅದಕ್ಕೆ ಲಕ್ಷಗಟ್ಟಲೆ ಬೇಕು. ಆದರೆ ರಜೆಯಲ್ಲಿ ಒಂದು ತಿಂಗಳು ಮಕ್ಕಳನ್ನು ಯಾವುದಾದರೂ ಕಾರ್ಖಾನೆಗೋ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೋ ಕಳಿಸುವ ಏರ್ಪಾಡು ಮಾಡಬಹುದು. ಅದನ್ನು ಮಾಡುವ ಕಾಲೇಜು ಯಾವುದೆಂದು ಕೇಳಿ.

ಇನ್ನು ಕೈಗಾ, ಸೀಬರ್ಡ್ ನೌಕಾನೆಲೆಯ ಬಗ್ಗೆ ಊರಿನಲ್ಲಿ ತಪ್ಪು ಎಣಿಕೆಗಳಿವೆ. ಪದವಿ ಇದ್ದರೆ ಒಳಗೆ ತೆಗೆದುಕೊಳ್ಳುತ್ತಾರೆ ಎಂದು ಕಾಯುತ್ತ ಕೂರುವವರನ್ನು ಕಂಡಿದ್ದೇನೆ. ಕೈಗಾದ ಅಣುವಿದ್ಯುತ್ ಕೇಂದ್ರವನ್ನು ನಡೆಸುವ ಎನ್‌ಪಿಸಿಐಎಲ್ ಡಿಪ್ಲೊಮಾದವರನ್ನೂ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದ ಬಿಎಸ್ಸಿಯವರನ್ನೂ ಸೈಂಟಿಫಿಕ್ ಅಸಿಸ್ಟೆಂಟ್ ತರಬೇತಿಗೆ ಪರೀಕ್ಷೆಯ ಮೂಲಕ ಆರಿಸಿಕೊಳ್ಳುತ್ತದೆ, ಅರ್ಜಿ ಹಾಕಲು ಶೇಕಡಾ 60 ಅಂಕ ಬೇಕು. ಅರ್ಗಾದ ನೌಕಾನೆಲೆಯ ಹಡಗು ದುರಸ್ತಿ ಯಾರ್ಡ್ ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಅಂದರೆ ಬಿಎ ಮುಗಿಸಿದವನಿಗಿಂತ ಫಿಟ್ಟರ್ ಮುಗಿಸಿದವನಿಗೆ ಆ ಗೇಟು ಹತ್ತಿರ. ಇದನ್ನು ಹತ್ತನೆಯ ತರಗತಿಯಲ್ಲೇ ಹೇಳುವವರು ಇಲ್ಲದೆ ಹೋದದ್ದು ನಮ್ಮ ಕಡೆಯ ದೌರ್ಭಾಗ್ಯ.

ಹೊನ್ನಾವರ ಅಕ್ಕೋರು:

ಮಾಸ್ತರರು ಅನುದಾನರಹಿತ ಕೋರ್ಸಿನ ಸಂಬಳದ ವಿಷಯ ಎತ್ತಿದ್ದರಿಂದ ನಾನೂ ಬರೆಯುತ್ತಿದ್ದೇನೆ. ನಾನು ಅಂಥ ಕೋರ್ಸಿನಲ್ಲಿ ಕಲಿಸುತ್ತೇನೆ, ಕಾಲೇಜಿನ ಹೆಸರು ಇಲ್ಲಿ ಬೇಡ.

ನಮ್ಮ ನೇಮಕಾತಿ ಜೂನ್ ಅಥವಾ ಜುಲೈನಲ್ಲಿ ಆಗಿ, ಪರೀಕ್ಷೆ ಮುಗಿದೊಡನೆ ಮುಗಿಯುತ್ತದೆ. ರಜೆಯ ತಿಂಗಳಿಗೆ ಸಂಬಳವಿಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ತಿಳಿಯದು, ಆದ್ದರಿಂದ ಒಳ್ಳೆಯವರು ಬೇರೆ ಕೆಲಸ ಸಿಕ್ಕ ದಿನವೇ, ಅದು ಸೆಮಿಸ್ಟರಿನ ನಡುವೆಯಾದರೂ, ಹೊರಟುಬಿಡುತ್ತಾರೆ. ಅವರ ಪಾಠವನ್ನು ಉಳಿದವರು ಹಂಚಿಕೊಳ್ಳಬೇಕು. ಡೇಟಾಬೇಸ್ ಓದಿದ ನಾನು ಒಂದು ವರ್ಷ ಲೆಕ್ಕಶಾಸ್ತ್ರದ ಮೂಲತತ್ವಗಳನ್ನೂ ಕಲಿಸಿದ್ದೇನೆ, ಹಿಂದಿನ ರಾತ್ರಿ ಓದಿಕೊಂಡು ಹೋಗಿ. ಮಕ್ಕಳಿಗೆ ಅದು ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ, ಗೊತ್ತಾಗಿಯೇ ಇರುತ್ತದೆ.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಕಾಲೇಜು ನೋಡಲು ಹೋದಾಗ ಹವಾನಿಯಂತ್ರಿತ ಸಭಾಂಗಣವನ್ನು ತೋರಿಸುತ್ತಾರೆ, ನೋಡಿ. ಆಮೇಲೆ ಸೂಚನಾ ಫಲಕದಲ್ಲಿರುವ ಆ ಕೋರ್ಸಿನ ವೇಳಾಪಟ್ಟಿಯ ಮುಂದೆ ನಿಂತು ಯಾವ ಉಪನ್ಯಾಸಕರ ಹೆಸರು ಎಷ್ಟು ವಿಷಯಗಳ ಎದುರಿಗೆ ಇದೆ ಎಂದು ಎಣಿಸಿ. ಒಂದೇ ಹೆಸರು ನಾಲ್ಕು ಬೇರೆ ಬೇರೆ ವಿಷಯಗಳ ಎದುರಿಗೆ ಇದ್ದರೆ, ಅಥವಾ ಹೆಸರಿನ ಜಾಗದಲ್ಲಿ ‘ಹೊಸ ಉಪನ್ಯಾಸಕರು’ ಎಂದಿದ್ದರೆ, ಮಿಕ್ಕದ್ದನ್ನು ಕೇಳುವುದೇ ಬೇಡ. ಅಂತಿಮ ವರ್ಷದ ಮಕ್ಕಳನ್ನು ಕ್ಯಾಂಟೀನಿನಲ್ಲಿ ಮಾತನಾಡಿಸಿ, ಕಳೆದ ಸೆಮಿಸ್ಟರಿನಲ್ಲಿ ಎಷ್ಟು ಉಪನ್ಯಾಸಕರು ನಡುವೆ ಬಿಟ್ಟುಹೋದರು ಎಂದು ಕೇಳಿ. ಪ್ರಾಂಶುಪಾಲರ ಕೋಣೆಯಲ್ಲಿ ಆ ಉತ್ತರ ಸಿಗುವುದಿಲ್ಲ.

2024-25ನೇ ಸಾಲಿನಿಂದ ಬಿಸಿಎ, ಬಿಬಿಎ ಕೋರ್ಸುಗಳೂ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಅನುಮೋದನೆಯ ವ್ಯಾಪ್ತಿಗೆ ಬಂದಿವೆ. ಇದರಿಂದ ಅಧ್ಯಾಪಕರ ಅರ್ಹತೆ, ಕಂಪ್ಯೂಟರುಗಳ ಸಂಖ್ಯೆ ಎಲ್ಲ ಕಾಗದದ ಮೇಲೆ ಬರುತ್ತದೆ. ಕಾಗದದಿಂದ ತರಗತಿಗೆ ಇಳಿಯುವವರೆಗೆ ಕಾಯಬೇಕು.

ಶಿರಸಿ ಲೆಕ್ಕದವ:

ಎಲ್ಲರ ಕಣ್ಣೂ ವಿಜ್ಞಾನದ ಮೇಲೆಯೇ ಇರುವಾಗ ವಾಣಿಜ್ಯದ ಬಗ್ಗೆ ಎರಡು ಮಾತು. ಶಿರಸಿಯಲ್ಲಿ ಅಡಿಕೆ ವ್ಯಾಪಾರವಿದೆ, ದೊಡ್ಡ ಸಹಕಾರಿ ಸಂಘಗಳಿವೆ, ಜಿಲ್ಲಾ ಸಹಕಾರಿ ಬ್ಯಾಂಕಾದ ಕೆಡಿಸಿಸಿಯ ಪ್ರಧಾನ ಕಚೇರಿ ಇಲ್ಲೇ ಇದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಸಣ್ಣ ವ್ಯಾಪಾರಿಗೂ ಲೆಕ್ಕ ಬರೆಯುವವರು ಬೇಕಾಗಿದ್ದಾರೆ. ಆದರೂ ಬಿಕಾಂ ಮುಗಿಸಿ ನನ್ನ ಕಚೇರಿಗೆ ಕೆಲಸ ಕೇಳಿಕೊಂಡು ಬರುವವರಲ್ಲಿ ಖರೀದಿ ಬಿಲ್ಲನ್ನೂ ಪೋರ್ಟಲ್ಲಿನಲ್ಲಿ ಕಾಣುವ ತೆರಿಗೆ ಜಮೆಯನ್ನೂ ಹೊಂದಿಸಿ ನೋಡಬಲ್ಲವರು ಅಪರೂಪ. ಕಲಿಸಿದರೆ ಒಂದೇ ತಿಂಗಳಲ್ಲಿ ಕಲಿಯುತ್ತಾರೆ, ಮೂರು ವರ್ಷದಲ್ಲಿ ಯಾರೂ ಅವರ ಕೈಗೆ ಬಿಲ್ಲು ಕೊಟ್ಟಿರುವುದಿಲ್ಲ, ಅಷ್ಟೆ.

ಓದುವ ಹಟವಿರುವ ಮಕ್ಕಳಿಗೆ ಸಿಎ ದಾರಿಯೂ ಇದೆ. ಶೇಕಡಾ 55 ಅಂಕ ಪಡೆದ ವಾಣಿಜ್ಯ ಪದವೀಧರರು ಫೌಂಡೇಶನ್ ಪರೀಕ್ಷೆ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು, ಬೇರೆ ಪದವಿಯವರಿಗೆ ಶೇಕಡಾ 60 ಬೇಕು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎಯೊಬ್ಬರ ಬಳಿ ಪಡೆಯುವ ಕೆಲಸದ ತರಬೇತಿ) ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಪದವಿ ಯಾವ ಕಾಲೇಜಿನದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅಂತಿಮ ವರ್ಷ, ಬಿಎಸ್ಸಿ:

ನಾನು ಕರಾವಳಿಯ ಅನುದಾನಿತ ಕಾಲೇಜಿನ ವಿದ್ಯಾರ್ಥಿನಿ. ಹಿರಿಯರು ಹೇಳಿದ್ದೆಲ್ಲ ಸರಿ, ಆದರೆ ‘ಊರಲ್ಲೇ ಓದಿದರೆ ಕಡಿಮೆ ಖರ್ಚು’ ಎಂಬುದರ ಇನ್ನೊಂದು ಮುಖವನ್ನು ಯಾರೂ ಹೇಳಲಿಲ್ಲ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟು ಸಂಜೆ ಐದೂವರೆಯ ಬಸ್ಸಿಗೆ ಮರಳುವ ನಮಗೆ ಆ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಹಾಗಾಗಿ ಗ್ರಂಥಾಲಯ ಆರು ಗಂಟೆಯವರೆಗೆ ತೆರೆದಿದ್ದರೂ ನಮಗೆ ಉಪಯೋಗವಿಲ್ಲ. ಪ್ರಾಯೋಗಿಕ ತರಗತಿ ಮುಗಿಯುವ ಮೊದಲೇ ಚೀಲ ಹೆಗಲಿಗೇರಿರುತ್ತದೆ. ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದರೆ, ಘಟ್ಟದ ರಸ್ತೆ ಬಂದ್ ಆದರೆ ದಿನಗಟ್ಟಲೆ ತರಗತಿಯೇ ಇಲ್ಲ.

ಇಂಗ್ಲಿಷಿನ ತೊಡಕೂ ಇದೆ. ನಮ್ಮಲ್ಲಿ ಹಲವರು ಹತ್ತನೆಯವರೆಗೆ ಕನ್ನಡ ಮಾಧ್ಯಮದವರು. ವಿಷಯ ಗೊತ್ತಿರುತ್ತದೆ, ಗುಂಪು ಚರ್ಚೆಗೆ ಕೂರಿಸಿದಾಗ ಬಾಯಿ ಕಟ್ಟುತ್ತದೆ. ಅದಕ್ಕೆ ವರ್ಷದ ಕೊನೆಯಲ್ಲಿ ಒಂದು ದಿನದ ‘ವ್ಯಕ್ತಿತ್ವ ವಿಕಸನ ಶಿಬಿರ’ ನಡೆಸಿ ಪ್ರಮಾಣಪತ್ರ ಹಂಚುವುದು ಪರಿಹಾರವಲ್ಲ. ನಮ್ಮ ಸಸ್ಯಶಾಸ್ತ್ರದ ಮೇಡಂ ವಾರಕ್ಕೊಮ್ಮೆ ಒಬ್ಬೊಬ್ಬರನ್ನು ನಿಲ್ಲಿಸಿ ಹತ್ತು ನಿಮಿಷ ವಿಷಯ ಮಂಡಿಸಲು ಹಚ್ಚುತ್ತಾರೆ, ಮಂಡಿಸಿದ ಮೇಲೆ ಪ್ರಶ್ನೆ ಕೇಳುವುದು ಉಳಿದವರಿಗೆ ಕಡ್ಡಾಯ. ನನಗೆ ಮೂರು ವರ್ಷದಲ್ಲಿ ನಿಜವಾಗಿ ಕೈಗೆ ಹತ್ತಿದ್ದು ಅದು.

ಕೆಲಸ ಸಿಗದೆ ಇದ್ದಾಗ ಅಪ್ರೆಂಟಿಸ್ ಆಗಿ ಹೋಗುವುದರ ಬಗ್ಗೆ ಯಾರಾದರೂ ಹೇಳುವಿರಾ? ಯುವನಿಧಿ ಇದೆಯಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ.

ಕಾಳಿ ದಡದವ, ಕಾರವಾರ:

ತಂಗಿ, ಯುವನಿಧಿ ಎಂಬುದು ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಶುಲ್ಕಕ್ಕೂ ಬಸ್ಸಿಗೂ ಆಗುತ್ತದೆ, ಅನುಭವ ಬರುವುದಿಲ್ಲ. ಅಪ್ರೆಂಟಿಸ್ ಕಾಯ್ದೆಯಡಿ ಹೋಗುವುದು ಬೇರೆ ಲೆಕ್ಕ. ಇಂಜಿನಿಯರಿಂಗ್ ಮಾತ್ರವಲ್ಲ, ಬಿಎ, ಬಿಎಸ್ಸಿ, ಬಿಕಾಂ ಪದವೀಧರರನ್ನೂ ತೆಗೆದುಕೊಳ್ಳಬಹುದು, 2019ರ ನಿಯಮ ತಿದ್ದುಪಡಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿ ಮಾಡಿತು. ಕೇಂದ್ರದ ನ್ಯಾಟ್ಸ್ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸು. ಒಂದು ವರ್ಷ ಮುಗಿದ ಮೇಲೆ ಅವರು ಉಳಿಸಿಕೊಳ್ಳಲೇಬೇಕೆಂದಿಲ್ಲ, ಆದರೆ ಮುಂದಿನ ಸಂದರ್ಶನದಲ್ಲಿ ಹೇಳಲು ನಿನ್ನಲ್ಲಿ ಒಂದು ವರ್ಷದ ಕೆಲಸವಿರುತ್ತದೆ. ನಾನು ಒಳಹೊಕ್ಕದ್ದೂ ಅದೇ ಬಾಗಿಲಿನಿಂದ.

ಅಂಕೋಲಾ ಪಾಲಕ:

ಎಲ್ಲರಿಗೂ ನಮಸ್ಕಾರ. ಅಕ್ಕೋರು ಹೇಳಿದಂತೆ ಹುಬ್ಬಳ್ಳಿಯ ಕಾಲೇಜಿಗೆ ಹೋಗಿ ವೇಳಾಪಟ್ಟಿ ನೋಡಿದೆ. ಐದು ವಿಷಯಗಳ ಪೈಕಿ ಎರಡರ ಎದುರಿಗೆ ಹೆಸರಿರಲಿಲ್ಲ. ಕೇಳಿದಾಗ ‘ನೇಮಕಾತಿ ಪ್ರಕ್ರಿಯೆಯಲ್ಲಿದೆ’ ಎಂದರು. ಬೆಂಗಳೂರಿನ ಕಾಲೇಜಿನವರಿಗೆ ದೂರವಾಣಿ ಮಾಡಿ ಮಧ್ಯಕ ವೇತನ ಎಷ್ಟೆಂದು ಕೇಳಿದೆ. ಆ ಕಡೆಯ ಹುಡುಗಿ ಮತ್ತೆ ಅತಿ ಹೆಚ್ಚಿನ ಪ್ಯಾಕೇಜನ್ನೇ ಹೇಳಿದಳು, ಸಂಜೆಯೊಳಗೆ ಮುಂಗಡ ಕಟ್ಟಿದರೆ 50 ಸಾವಿರ ರಿಯಾಯಿತಿ ಎಂದಳು, ಮೂಲ ಅಂಕಪಟ್ಟಿ ತಂದುಕೊಟ್ಟರೆ ಸೀಟು ಖಾಯಂ ಎಂದಳು.

ಮಗಳಿಗೆ ಗಣಿತದಲ್ಲಿ ಆಸಕ್ತಿ ಇದೆ. ಬಿಎಸ್ಸಿ ಓದಿದರೆ ಕಂಪ್ಯೂಟರಿನ ದಾರಿ ಮುಚ್ಚಿಹೋಗುತ್ತದೆಯೇ ಎಂಬ ಒಂದೇ ಅಳುಕು ಅವಳಿಗೆ.

ಕುಮಟಾದವ, ಈಗ ಬೆಂಗಳೂರು:

ಮುಚ್ಚಿಹೋಗುವುದಿಲ್ಲ. ಎಂಸಿಎ 2020-21ರಿಂದ ಎರಡೇ ವರ್ಷದ ಕೋರ್ಸು, ಗಣಿತ ಓದಿದ ಬಿಎಸ್ಸಿಯವರು ಪಿಜಿಸಿಇಟಿ ಬರೆದು ಸೇರಬಹುದು. ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ ಒಟ್ಟು ಐದು ವರ್ಷ, ಇಂಜಿನಿಯರಿಂಗ್‌ಗಿಂತ ಒಂದೇ ವರ್ಷ ಹೆಚ್ಚು. ಅಷ್ಟರೊಳಗೆ ಅವಳಿಗೆ ಗಣಿತವೇ ಬೇಕೆನಿಸಿದರೆ ಆ ದಾರಿಯೂ ತೆರೆದಿರುತ್ತದೆ. ನಮ್ಮ ತಂಡದಲ್ಲಿ ಎಂಸಿಎ ಮುಗಿಸಿದವರೂ ಬಿಇ ಮುಗಿಸಿದವರೂ ಅಕ್ಕಪಕ್ಕ ಕುಳಿತು ಅದೇ ಕೆಲಸ ಮಾಡುತ್ತಾರೆ. ಇನ್ನೊಂದು ಕಾರಣಕ್ಕೂ ಆತುರ ಬೇಡ. ಒಳ್ಳೆಯ ಕಾಲೇಜುಗಳಲ್ಲಿ ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ಎಐಸಿಟಿಇ 2024ರಲ್ಲಿ ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ಸೀಟುಗಳು ಹೆಚ್ಚಿವೆ. ನಾಲ್ಕು ವರ್ಷದ ನಂತರ ಅವರೆಲ್ಲ ಒಂದೇ ಬಾರಿಗೆ ಹೊರಬರುತ್ತಾರೆ.

ಶಿರಸಿ ಮಾಸ್ತರ:

ಮೂಲ ಅಂಕಪಟ್ಟಿಯನ್ನು ಮಾತ್ರ ಯಾವ ಕಾರಣಕ್ಕೂ ಅವರ ಕೈಯಲ್ಲಿ ಬಿಟ್ಟುಬರಬೇಡಿ. ಪರಿಶೀಲನೆಗೆಂದು ತೋರಿಸಿ, ನಕಲಿಗೆ ನೀವೇ ಸಹಿ ಹಾಕಿ ಕೊಟ್ಟು, ಮೂಲವನ್ನು ವಾಪಸು ತನ್ನಿ. ಉನ್ನತ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಕ್ಟೋಬರಿನಲ್ಲೇ ಅಧಿಸೂಚನೆ ಹೊರಡಿಸಿದೆ, ಸೀಟು ಬಿಟ್ಟವರಿಗೆ ಶುಲ್ಕ ಮರಳಿಸುವ ನಿಯಮವೂ ಅದರಲ್ಲೇ ಇದೆ. ಇಂಜಿನಿಯರಿಂಗ್ ಕಾಲೇಜುಗಳಿಗೆ ಎಐಸಿಟಿಇ ನಿಯಮಗಳಲ್ಲೂ ಇಂಥದೇ ಮಾತಿದೆ. ಮುಂಗಡ ಕಟ್ಟಲೇಬೇಕಾದರೆ ಕಾಲೇಜಿನ ಬ್ಯಾಂಕ್ ಖಾತೆಗೇ ಕಟ್ಟಿ, ಏಜೆಂಟನ ಫೋನಿಗೆ ಹಾಕಬೇಡಿ, ರಸೀದಿಯಲ್ಲಿ ಕೋರ್ಸಿನ ಹೆಸರು ಬರೆಸಿಕೊಳ್ಳಿ. ಊರಿನ ಕಾಲೇಜಿನ ಬಿಎಸ್ಸಿಗೆ ಸೇರಿಸುವುದಾದರೆ ಗಣಿತ ಮತ್ತು ಕಂಪ್ಯೂಟರ್ ಎರಡೂ ಇರುವ ಸಂಯೋಜನೆ ಈ ವರ್ಷ ಅಲ್ಲಿ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿ, ವಿದ್ಯಾರ್ಥಿಗಳ ಸಂಖ್ಯೆ ಸಾಲದೆ ಕೆಲವು ಸಂಯೋಜನೆಗಳನ್ನು ಅವರು ಕೊನೆಯ ಗಳಿಗೆಯಲ್ಲಿ ಕೈಬಿಡುವುದುಂಟು.